ಬದುಕಿದ್ದವನ ಹೆಸರಿನ ಕಲ್ಲು

ನಮ್ಮ ಭಾವನ ಕೈಬರಹ ನೋಡಿದ ಯಾರೂ ಅವರನ್ನು ಮೆಕ್ಕೆಜೋಳದ ಮಂಡಿಯಲ್ಲಿ ಮೂಟೆ ತೂಗುವವರು ಅಂದುಕೊಳ್ಳುವುದಿಲ್ಲ. ಪಹಣಿಯಲ್ಲಿ ಹೆಸರು ತಪ್ಪಿದೆಯೇ, ರೇಷನ್ ಕಾರ್ಡಿಗೆ ಸೊಸೆಯನ್ನು ಸೇರಿಸಬೇಕೇ, ಸತ್ತ ತಂದೆಯ ಮರಣಪತ್ರ ಬೇಕೇ, ಬೆಳಗ್ಗೆ ಏಳಕ್ಕೇ ಜನ ಅವರ ಮನೆಯ ಜಗಲಿ ಮೇಲೆ ಬಂದು ಕೂತಿರುತ್ತಾರೆ. ಭಾವ ಕನ್ನಡಕ ಏರಿಸಿಕೊಂಡು ಒಂದೊಂದು ಅರ್ಜಿಯನ್ನೂ ಮುತ್ತು ಪೋಣಿಸಿದ ಹಾಗೆ ಬರೆದುಕೊಡುತ್ತಾರೆ. ಗೌರಿಬಿದನೂರಿನ ತಾಲ್ಲೂಕು ಕಚೇರಿಯ ಗುಮಾಸ್ತರು ಅಕ್ಷರ ನೋಡಿಯೇ ಇದು ಬಯ್ಯಪ್ಪನವರು ಬರೆದದ್ದು ಅನ್ನುತ್ತಾರೆ. ಇಂಥ ಮನುಷ್ಯನ ಸ್ವಂತ ಕಾಗದಪತ್ರಗಳಲ್ಲಿ ಒಂದರಲ್ಲೂ ನಿಜವಿಲ್ಲ ಎಂದು ನನಗೆ ಗೊತ್ತಾದದ್ದು ಹೋದ ವರ್ಷ.

ನಾನು ಅವರ ಹೆಂಡತಿಯ ತಮ್ಮ, ಮುರಳಿಮೋಹನ್. ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಬೋರ್‌ವೆಲ್ಲಿನ ಸುಟ್ಟ ಮೋಟಾರುಗಳೇ ನನ್ನ ಹೊಟ್ಟೆಪಾಡು. ನನ್ನ ಬಾಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ನಮ್ಮ ಅಕ್ಕ ಶೋಭಾರಾಣಿ ಎಲ್ಲರೆದುರು ಹೇಳುತ್ತಾಳೆ. ಅದೇ ನೆಪ ಹೇಳಿ ಮೂವತ್ತೊಂದು ವರ್ಷ ಈ ಗುಟ್ಟನ್ನು ನನ್ನಿಂದ ಮುಚ್ಚಿಟ್ಟಳು. ನನಗೆ ಇನ್ನೂ ಅವಳ ಮೇಲೆ ಸಿಟ್ಟು ಇಳಿದಿಲ್ಲ.

ವಿಷಯ ಇಷ್ಟು. ಭಾವನಿಗೆ ಹುಟ್ಟಿದಾಗ ಇಟ್ಟ ಹೆಸರು ಬಯ್ಯಪ್ಪ ಅಲ್ಲ, ಮುನಿವೆಂಕಟಪ್ಪ. ಬಯ್ಯಪ್ಪ ಅನ್ನುವುದು ಅವರಿಗಿಂತ ಎರಡು ವರ್ಷ ಚಿಕ್ಕವನಾದ ತಮ್ಮನ ಹೆಸರು. ಅಣ್ಣ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದರು. ಟೀಚರ್ ಟ್ರೈನಿಂಗಿಗೆ ಸೇರಬೇಕೆಂದು ಅವರ ಆಸೆ. ತಮ್ಮ ಲೆಕ್ಕದಲ್ಲಿ ಎರಡು ಸಲ ಡುಮ್ಕಿ ಹೊಡೆದ. ಆದರೆ ಆಳು ಗಟ್ಟಿ, ಓಟದಲ್ಲಿ ಅವನನ್ನು ಹಿಡಿಯುವವರಿರಲಿಲ್ಲ, ಮಿಲಿಟರಿಗೆ ಸೇರುತ್ತೇನೆಂದು ಹಟ ಹಿಡಿದ. ಮಿಲಿಟರಿಯವರು ಎಸ್ಸೆಸ್ಸೆಲ್ಸಿ ಪಾಸಾದವರನ್ನೇ ಕೇಳುತ್ತಿದ್ದರು. ಆಗಿನ ಮಾರ್ಕ್ಸ್ ಕಾರ್ಡಿನಲ್ಲಿ ಫೋಟೋ ಇರಲಿಲ್ಲ. ಅಣ್ಣನ ಕಾರ್ಡು, ಅಣ್ಣನ ಟಿ.ಸಿ. ತೆಗೆದುಕೊಂಡು ತಮ್ಮ ಹೋಗಲಿ ಎಂದು ತೀರ್ಮಾನ ಮಾಡಿದ್ದು ಅವರ ತಾಯಿ ಚಿಕ್ಕವೆಂಕಟಮ್ಮ. ಟಿ.ಸಿ.ಯಲ್ಲಿ ದೇಹದ ಗುರುತು ಎಂದು ಎಡಗೆನ್ನೆಯ ಮೇಲೊಂದು ಮಚ್ಚೆ ಬರೆದಿತ್ತಂತೆ. ತಮ್ಮನ ಕೆನ್ನೆ ನುಣ್ಣಗಿತ್ತು. ಊರಿಗೆ ಹಚ್ಚೆ ಹಾಕುವವಳು ಬಂದಾಗ ಆ ತಾಯಿ ಅವಳಿಗೆ ಒಂದು ಸೇರು ರಾಗಿ ಕೊಟ್ಟು ಮಗನ ಕೆನ್ನೆಗೆ ಮಚ್ಚೆ ಚುಚ್ಚಿಸಿದಳು. ಊರೆಲ್ಲ ನೋಡಿ ನಕ್ಕಿತು. ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ. ಮನೆಯದೇ ಕಾರ್ಡು, ಮನೆಯದೇ ಹುಡುಗ, ಯಾರ ಗಂಟು ಹೋಯಿತು?

ಹುಡುಗ ಮಿಲಿಟರಿಗೆ ಆಯ್ಕೆಯಾಗಿ ಹೋದ. ಎರಡು ವರ್ಷ ಕಾಗದ ಬರೆದ. ಪಟಾಲಮ್ಮಿನಲ್ಲಿ ಯಾರಾದರೂ ಓದಿಯಾರು ಎಂಬ ಭಯಕ್ಕೆ ಕೊನೆಯಲ್ಲಿ ಮುನಿವೆಂಕಟಪ್ಪ ಎಂದೇ ಸಹಿ ಹಾಕುತ್ತಿದ್ದ. ಮೇಲೆ ಬಯ್ಯಪ್ಪನಿಗೆ ಆಶೀರ್ವಾದಗಳು ಎಂದು ಅಣ್ಣನಿಗೆ ಬರೆಯುತ್ತಿದ್ದ. ತಮ್ಮನಿಂದ ಆಶೀರ್ವಾದ ಪಡೆದ ಅಣ್ಣ ಜಗತ್ತಿನಲ್ಲಿ ನಾನೊಬ್ಬನೇ ಎಂದು ಭಾವ ಈಗಲೂ ಹೇಳುತ್ತಾರೆ, ನಗುವುದಿಲ್ಲ.

ಮೂರನೆಯ ವರ್ಷ ಅವನ ಪಟಾಲಮ್ಮನ್ನು ಲಂಕೆಗೆ ಕಳಿಸಿದರು. ಅಲ್ಲಿ ನೆಲದೊಳಗಿಟ್ಟಿದ್ದ ಬಾಂಬು ಸಿಡಿದು ಸತ್ತ. ಹೆಣ ಬರಲಿಲ್ಲ. ಒಂದು ಟ್ರಂಕು, ಒಂದು ಮಡಕೆ ಬೂದಿ, ಸಿಪಾಯಿ ಮುನಿವೆಂಕಟಪ್ಪ ಹುತಾತ್ಮರಾದರು ಎಂಬ ಕಾಗದ ಬಂದವು. ದೊಡ್ಡ ಅಧಿಕಾರಿಗಳು ಜೀಪಿನಲ್ಲಿ ಬಂದರು. ಫೋಟೋಗೆ ಹಾರ ಬಿತ್ತು. ನಿಜವಾದ ಮುನಿವೆಂಕಟಪ್ಪ ಬೋಳುತಲೆಯಲ್ಲಿ ಗುಂಪಿನ ನಡುವೆ ನಿಂತಿದ್ದರು. ಒಬ್ಬ ಅಧಿಕಾರಿ ಅವರ ಬೆನ್ನು ತಟ್ಟಿ, ನಿಮ್ಮ ಅಣ್ಣನ ಹೆಸರು ಉಳಿಸಪ್ಪ ಎಂದನಂತೆ.

ಅವತ್ತಿನಿಂದ ಭಾವ ಬಯ್ಯಪ್ಪ ಆದರು. ಬೇರೆ ದಾರಿ ಇರಲಿಲ್ಲ. ಮುನಿವೆಂಕಟಪ್ಪ ಸತ್ತಿದ್ದಾನೆಂದು ಸರ್ಕಾರವೇ ಹೇಳಿದ ಮೇಲೆ ಅವರ ಮಾರ್ಕ್ಸ್ ಕಾರ್ಡು ಯಾವ ಟ್ರೈನಿಂಗಿಗೆ ಬರುತ್ತದೆ? ಬಯ್ಯಪ್ಪನ ಹೆಸರಿನಲ್ಲಿದ್ದದ್ದು ಫೇಲಾದ ಕಾರ್ಡು. ಅದಕ್ಕೆ ಸಿಕ್ಕಿದ್ದು ಮಂಡಿಯ ತಕ್ಕಡಿ. ಬಾಯಿ ತಪ್ಪಿ ಯಾರಾದರೂ ಅಧಿಕಾರಿಗಳೆದುರು ಹಳೆಯ ಹೆಸರು ಅಂದುಬಿಟ್ಟಾರೆಂದು ತಾಯಿ ಮನೆಮನೆಗೂ ಹೋಗಿ ಕೈಮುಗಿದು ಬಂದಳು. ಊರು ಮಾತು ಉಳಿಸಿಕೊಂಡಿತು. ಮೂವತ್ತಾರು ವರ್ಷ ಒಬ್ಬನೇ ಒಬ್ಬ ಅವರನ್ನು ಮುನಿವೆಂಕಟಪ್ಪ ಎಂದು ಕರೆಯಲಿಲ್ಲ. ನಮ್ಮಕ್ಕನ ಲಗ್ನಪತ್ರಿಕೆಯಲ್ಲೂ ಬಯ್ಯಪ್ಪ ಎಂದೇ ಅಚ್ಚಾಯಿತು. ಆಗ ನಾನು ಹೊಸ ಪ್ಯಾಂಟು ಹಾಕಿಕೊಂಡು ಊಟ ಬಡಿಸುತ್ತಿದ್ದೆ, ನನಗೇನು ಗೊತ್ತು.

ಇಷ್ಟರಲ್ಲಿ ಮುಗಿದಿದ್ದರೆ ಇದು ಕಾಗದದ ಕತೆ. ಆದರೆ ವರ್ಷಕ್ಕೊಂದು ಸಲ ಮಹಾಲಯ ಅಮಾವಾಸ್ಯೆ ಬರುತ್ತದಲ್ಲ. ನಮ್ಮ ಕಡೆ ಅವತ್ತು ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರಿಗೆ ಇಷ್ಟವಾದ ಅಡುಗೆಯನ್ನೆಲ್ಲ ಎಲೆಯಲ್ಲಿ ಬಡಿಸಿ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ಬಂದು ಉಣ್ಣಲಿ ಎಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚುತ್ತಾರೆ. ಕರೆಯದಿದ್ದರೆ ಅವರು ಬರುವುದಿಲ್ಲ. ಬದುಕಿರುವವರ ಹೆಸರನ್ನಂತೂ ಎಡೆಯ ಮುಂದೆ ಅನ್ನಲೇಬಾರದು, ಅಂದರೆ ಅವರನ್ನು ಆ ಕಡೆಗೆ ಕರೆದ ಹಾಗೆ. ಚಿಕ್ಕವೆಂಕಟಮ್ಮ ಸಿಕ್ಕಿಬಿದ್ದದ್ದು ಇಲ್ಲಿ. ಬಯ್ಯಪ್ಪ ಎಂದು ಕರೆಯೋಣವೆಂದರೆ ಅದು ಎದುರಿಗೆ ಕೂತಿರುವ ದೊಡ್ಡ ಮಗನ ಹೆಸರು. ಮುನಿವೆಂಕಟಪ್ಪ ಎನ್ನೋಣವೆಂದರೆ ಅದೂ ಅವನದೇ, ಹೆತ್ತಾಗ ಅವಳೇ ಇಟ್ಟದ್ದು. ಎರಡೂ ಹೆಸರು ಬದುಕಿದ್ದವನ ಪಾಲಾಗಿ ಸತ್ತವನಿಗೆ ಒಂದೂ ಉಳಿದಿರಲಿಲ್ಲ. ಮೂವತ್ತಾರು ಅಮಾವಾಸ್ಯೆ ಆ ತಾಯಿ ಗಂಡನನ್ನು ಕರೆದಳು, ಅತ್ತೆಮಾವನನ್ನು ಕರೆದಳು, ಹುಟ್ಟಿ ಹನ್ನೊಂದು ದಿನಕ್ಕೆ ಹೋದ ಹೆಣ್ಣುಮಗುವನ್ನೂ ಕರೆದಳು. ಚಿಕ್ಕ ಮಗನ ಎಲೆಯ ಮುಂದೆ ಮಾತ್ರ ಬಾಯಿ ಬಿಡದೆ ಕೂತಳು.

ಹೋದ ವರ್ಷ ಚಿಕ್ಕವೆಂಕಟಮ್ಮಜ್ಜಿಗೆ ಎಂಬತ್ತನಾಲ್ಕು. ಸೊಂಟ ಮುರಿದು ಮಲಗಿದ ಮೇಲೆ ಅವಳಿಗೆ ಅದೊಂದೇ ಕೊರಗು.

"ಇಷ್ಟು ವರ್ಷ ಹಸ್ಕೊಂಡವ್ನೆ ನನ್ನ ಮಗ. ನಾ ಸತ್ರೆ ಅವನ ಮುಖ ಹೆಂಗ್ ನೋಡ್ಲಿ ನಾಯನಾ?" ಎಂದು ದಿನವೂ ಭಾವನ ಕೈಹಿಡಿದು ಅಳುತ್ತಿದ್ದಳು.

ಆ ಹುಡುಗನ ಪಟಾಲಮ್ಮಿನವರು ಪ್ರತಿವರ್ಷ ಅವಳ ಹೆಸರಿಗೆ ಒಂದು ಕಾಗದ ಕಳಿಸುತ್ತಿದ್ದರು. ಸಮುದ್ರದ ದಂಡೆಯ ಊರಿನಲ್ಲಿ ಅವರದೊಂದು ಹಳೆಯ ಯುದ್ಧಸ್ಮಾರಕವಿದೆ, ಸತ್ತವರ ಹೆಸರನ್ನೆಲ್ಲ ಅಲ್ಲಿ ಕಲ್ಲಿನಲ್ಲಿ ಕೆತ್ತಿದ್ದಾರೆ, ಸ್ಮರಣೆಯ ದಿನ ಮನೆಯವರು ಬಂದು ಹೂವಿಡಬೇಕು ಎಂದು. ಊರಿನ ಹೆಸರು, ಪಟಾಲಮ್ಮಿನ ಹೆಸರು ನಾನು ಹೇಳುವುದಿಲ್ಲ, ಕಾರಣ ನಿಮಗೇ ತಿಳಿಯುತ್ತದೆ. ಇವರು ಒಂದು ಸಲವೂ ಹೋಗಿರಲಿಲ್ಲ, ಭಯ. ಈ ಸಲ ಕಾಗದ ಬಂದಾಗ ಅಜ್ಜಿ ಊರ ಪೂಜಾರಿಯನ್ನು ಮಂಚದ ಹತ್ತಿರ ಕರೆಸಿ ಕೇಳಿದಳು. ಮನೆಯಲ್ಲಿ ಎಡೆಯ ಮುಂದೆ ಕರೆಯಬಾರದು ನಿಜ, ಆದರೆ ಸತ್ತವನ ಕಲ್ಲಿನ ಎದುರು ಅವನ ಹುಟ್ಟುಹೆಸರು ಹಿಡಿದು ಮೂರು ಸಲ ಕರೆದರೆ ದೋಷವಿಲ್ಲ, ಆಮೇಲೆ ಮನೆಯಲ್ಲಿ ಕರೆಯದಿದ್ದರೂ ಅವನು ದಾರಿ ಹಿಡಿದು ಬರುತ್ತಾನೆ ಎಂದು ಪೂಜಾರಿ ಹೇಳಿದ.

"ಹೋಗಿ ಕರಿ ನಾಯನಾ. ಬಯ್ಯಾ ಅಂತ ಮೂರೇ ಮೂರು ಸಲ. ಇನ್ನೇನೂ ಕೇಳಲ್ಲ ನಿನ್ನ," ಎಂದಳು ಅಜ್ಜಿ.

ಆಗ ಭಾವ ನನ್ನ ಅಂಗಡಿಗೆ ಬಂದು, ಸುಟ್ಟ ಮೋಟಾರಿನ ಮೇಲೆ ಕೂತು, ಎಲ್ಲವನ್ನೂ ಹೇಳಿದರು. ಅಲೀಪುರದ ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ ನನಗೆ ಉರ್ದು ಬರುತ್ತದೆ, ಅದೇ ಬಾಯಲ್ಲಿ ಹಿಂದಿಯೂ ಓಡುತ್ತದೆ, ಅದಕ್ಕೇ ನಾನು ಬೇಕಾಗಿದ್ದೆ.

"ಇಷ್ಟು ವರ್ಷ ಬಾಯ್ಮುಚ್ಕೊಂಡಿದ್ದು ಈಗ ಕೆಲಸ ಬಿತ್ತು ಅಂತ ಬಂದ್ರಾ ಭಾವ?" ಎಂದೆ.

"ಬೈಯಿ ಕಣೋ ಮುರಳಿ, ಬೈಯಿ. ಆದ್ರೆ ಜೊತೇಲಿ ಬಾ," ಎಂದರು.

ಬೈಯಲು ಮನಸ್ಸಾಗಲಿಲ್ಲ. ಹೊರಟೆವು.

ಬೆಳಗ್ಗೆ ಎಂಟಕ್ಕೆ ಆ ಊರಿನಲ್ಲಿ ಇಳಿದಾಗ ಗಾಳಿಯೆಲ್ಲ ಉಪ್ಪುಪ್ಪು. ಸಮುದ್ರ ರಸ್ತೆಯ ಆಚೆಗೇ ಇತ್ತು. ನಾನು ಹುಟ್ಟಿದ್ದಕ್ಕೆ ನೋಡಿದ್ದು ಅದೇ ಮೊದಲು, ಭಾವನೂ ಅಷ್ಟೇ.

"ಎರಡು ನಿಮಿಷ ನಿಂತು ನೋಡಣ ಬನ್ನಿ ಭಾವ," ಎಂದೆ.

"ಅವನು ಕಾಗದದಲ್ಲಿ ಬರ್ದಿದ್ದ, ಸಮುದ್ರ ಬೋ ಚೆನ್ನಾಗೈತೆ, ನಿನ್ನೂ ಅಮ್ಮನ್ನೂ ಕರ್ಕೊಂಡು ಬಂದು ತೋರಿಸ್ತೀನಿ ಅಂತ," ಎಂದು ಹೇಳಿ ಭಾವ ತಲೆಯೆತ್ತದೆ ಗೇಟಿನ ಕಡೆ ನಡೆದರು.

ಗೇಟಿನಲ್ಲಿ ಆಧಾರ್ ಕಾರ್ಡು ಕೇಳಿದರು. ಬಯ್ಯಪ್ಪ, ಹುತಾತ್ಮ ಮುನಿವೆಂಕಟಪ್ಪನ ತಮ್ಮ ಎಂದು ಬರೆದುಕೊಂಡು ಅಂಗಿಗೆ ಒಂದು ಚೀಟಿ ಚುಚ್ಚಿದರು. ಕಾಫಿ, ಇಡ್ಲಿ ಕೊಟ್ಟರು. ತುಂಬಾ ಮರ್ಯಾದೆಯ ಜನ. ಆ ಮರ್ಯಾದೆ ನೋಡಿಯೇ ಭಾವ ಇನ್ನಷ್ಟು ಕುಗ್ಗಿದರು.

ಸ್ಮಾರಕವೆಂದರೆ ಬ್ರಿಟಿಷರ ಕಾಲದಲ್ಲಿ ನಿಲ್ಲಿಸಿದ ಕರಿಕಲ್ಲಿನ ಎತ್ತರದ ಕಂಬ. ಯಾವ್ಯಾವುದೋ ದೂರದೇಶದ ಯುದ್ಧಗಳಲ್ಲಿ ಸತ್ತ ನಮ್ಮವರ ಹೆಸರುಗಳು ಅದರ ನಾಲ್ಕೂ ಮೈಮೇಲೆ ಇದ್ದವು, ಉಪ್ಪುಗಾಳಿಗೆ ಅರ್ಧಕ್ಕರ್ಧ ಸವೆದಿದ್ದವು. ಆಮೇಲಿನ ಯುದ್ಧಗಳಲ್ಲಿ ಸತ್ತವರಿಗೆ ಹಿಂದೆ ಅರ್ಧಚಂದ್ರದ ಹಾಗೆ ಒಂದು ಗೋಡೆ ಕಟ್ಟಿದ್ದರು. ಆ ಗೋಡೆಯಲ್ಲಿ ನಾವು ಹುಡುಕಿದ ಹೆಸರು ಎದೆಯೆತ್ತರದಲ್ಲೇ ಸಿಕ್ಕಿತು. ಭಾವ ಬೆರಳಿಟ್ಟು ಒಂದೊಂದೇ ಅಕ್ಷರವನ್ನು ಸವರಿದರು.

"ಕೆತ್ತಿದೋನ ಕೈ ಚೆನ್ನಾಗೈತೆ ಕಣೋ. ಒಂದು ಗೆರೆ ಓರೆ ಹೋಗಿಲ್ಲ," ಎಂದರು.

ನನಗೆ ರೇಗಿಹೋಯಿತು. "ಅಕ್ಷರ ನೋಡಕ್ಕೆ ಬಂದ್ರಾ? ಯಾರೂ ಇಲ್ಲ ಈಗ. ಕರೀರಿ, ಮುಗೀಲಿ!"

"ಹಂಗೆಲ್ಲ ಆಗಲ್ಲ. ಎಲ್ರಿಗೂ ಹೂವು ಕೊಡ್ತಾರೆ, ಇಡುವಾಗ ಮೆಲ್ಲಗೆ ಕರೀತೀನಿ. ಅದೇ ಕ್ರಮ."

ಇದು ನಮ್ಮ ಭಾವನ ರೋಗ. ಅರ್ಜಿಯನ್ನು ಯಾವ ಕಿಟಕಿಯಲ್ಲಿ, ಯಾವ ಹೊತ್ತಿಗೆ ಕೊಡಬೇಕೋ ಆ ಹೊತ್ತಿಗೇ ಕೊಡಬೇಕು. ಊರಿನವರ ಎಷ್ಟೋ ಕೆಲಸ ಇದರಿಂದಲೇ ಆಗಿದೆ. ಅವರ ಒಂದೇ ಒಂದು ಕೆಲಸ ಇದರಿಂದಲೇ ಕೆಟ್ಟಿತು.

ಹತ್ತು ಗಂಟೆಗೆ ಬ್ಯೂಗಲ್ ಊದಿದರು. ಸಿಪಾಯಿಗಳು ಎರಡು ಸಾಲಾಗಿ ತಲೆ ತಗ್ಗಿಸಿ ನಿಂತರು. ಮನೆಯವರಿಗೆಲ್ಲ ಒಂದೊಂದು ಕೆಂಪು ಗುಲಾಬಿ ಕೊಟ್ಟು ಕುರ್ಚಿಗಳಲ್ಲಿ ಕೂರಿಸಿದ್ದರು. ಒಬ್ಬ ಸುಬೇದಾರ್ ಪುಸ್ತಕ ಹಿಡಿದು ಲಂಕೆಯಲ್ಲಿ ಸತ್ತವರ ಹೆಸರು ಕೂಗತೊಡಗಿದ. ಒಂದು ಹೆಸರು ಕೂಗುವುದು, ಸ್ವಲ್ಪ ಸುಮ್ಮನಿರುವುದು, ಆ ಮನೆಯವರು ಎದ್ದುಹೋಗಿ ಗೋಡೆಯ ಕೆಳಗೆ ಹೂವಿಟ್ಟು ಬರುವುದು. ಮುದುಕಿಯರು, ನಡುವಯಸ್ಸು ದಾಟಿದ ಹೆಂಗಸರು ಹೋಗಿ ಬರುತ್ತಿದ್ದರು. ಯಾರೂ ಗಟ್ಟಿಯಾಗಿ ಅಳುತ್ತಿರಲಿಲ್ಲ. ಭಾವನ ತುಟಿ ಅಲ್ಲಾಡುತ್ತಿತ್ತು. ಬಯ್ಯಾ, ಬಯ್ಯಾ ಎಂದು ಅಭ್ಯಾಸ ಮಾಡಿಕೊಳ್ಳುತ್ತಿದ್ದಾರೆಂದು ನನಗೆ ಗೊತ್ತಾಯಿತು.

ಆ ಸುಬೇದಾರ್ ನಮ್ಮ ಕೋಲಾರದ ಕಡೆಯವನೇ ಇರಬೇಕು. ಬೇರೆಯವರ ಹೆಸರುಗಳನ್ನು ಮಿಲಿಟರಿ ಗತ್ತಿನಲ್ಲಿ ಕೂಗಿದವನು ಈ ಹೆಸರು ಬಂದಾಗ, ಹೊಲದ ಆ ಬದುವಿನಲ್ಲಿರುವವನನ್ನು ಈ ಬದುವಿನಿಂದ ಕರೆಯುವ ಹಾಗೆ, ನಮ್ಮೂರ ರಾಗದಲ್ಲೇ ಕೂಗಿದ.

"ಮುನಿವೆಂಕಟಪ್ಪಾ!"

"ಓ!" ಎಂದರು ಭಾವ.

ಮೆಲ್ಲಗೆ ಅಲ್ಲ. ಎದ್ದು ನಿಂತು, ಕುತ್ತಿಗೆ ಎತ್ತಿ, ಮೂವತ್ತಾರು ವರ್ಷ ಒಳಗೇ ಕೂತಿದ್ದ ಉಸಿರನ್ನೆಲ್ಲ ಸೇರಿಸಿ ಓಗೊಟ್ಟರು. ಸತ್ತವರನ್ನು ಕೂಗುವ ಜಾಗದಲ್ಲಿ ಒಬ್ಬ ಓ ಎಂದರೆ ಹೇಗಿರುತ್ತದೆ ಹೇಳಿ. ಸಿಪಾಯಿಗಳ ಸಾಲಿನಲ್ಲಿ ತಲೆಗಳು ಎದ್ದವು. ಸುಬೇದಾರ್ ಪುಸ್ತಕದಿಂದ ಕಣ್ಣು ತೆಗೆದು ಭಾವನನ್ನು ನೋಡಿದ. ನನ್ನ ಪಕ್ಕದ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭಾವನಿಗೆ ತಾವು ಏನು ಮಾಡಿದೆವೆಂದು ಆಗ ಗೊತ್ತಾಯಿತು. ಕೈಯ ಹೂವು ಬಿತ್ತು, ಹಿಂದೆಯೇ ಅವರೂ ಬಿದ್ದರು.

ಇಬ್ಬರು ಸಿಪಾಯಿಗಳು ಓಡಿಬಂದು ಅವರನ್ನು ಎತ್ತಿಕೊಂಡು ನೆರಳಿಗೆ ಕರೆದೊಯ್ದರು. ದುಃಖ ತಡೆಯದೆ ಹೀಗಾಯಿತು, ಅಣ್ಣನ ಮೇಲೆ ತುಂಬಾ ಪ್ರೀತಿ ಎಂದು ನಾನು ನನ್ನ ಉರ್ದು ಬೆರೆತ ಹಿಂದಿಯಲ್ಲಿ ಹೇಳಿದೆ. ಅವರು ನಂಬಿದರು. ಡಾಕ್ಟರು ಬಂದು ನಾಡಿ ನೋಡಿದರು. ಅಷ್ಟರಲ್ಲಿ ಅಲ್ಲಿ ಮುಂದಿನ ಹೆಸರು, ಅದರ ಮುಂದಿನ ಹೆಸರು ಕೂಗಿ ಆಗಿತ್ತು. ಮುನಿವೆಂಕಟಪ್ಪನ ಹೂವನ್ನು ಯಾರೋ ಸಿಪಾಯಿ ಎತ್ತಿ ಇಟ್ಟಿದ್ದ.

ಎಲ್ಲ ಮುಗಿದು ಜನ ಊಟಕ್ಕೆ ಹೋದಾಗ ನಾನು ಭಾವನ ರೆಟ್ಟೆ ಹಿಡಿದು ಮತ್ತೆ ಗೋಡೆಯ ಹತ್ತಿರ ನಿಲ್ಲಿಸಿದೆ. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ಆಗಿದ್ದಾಯ್ತು ಬಿಡಿ. ಈಗ ಕರೀರಿ. ಮೂರು ಸಲ. ಅಜ್ಜಿ ಕಾಯ್ತಾ ಅವ್ರೆ."

ಭಾವ ಬಾಯಿ ತೆರೆದರು. ಮತ್ತೆ ಮುಚ್ಚಿ, ಆಗದೆಂದು ತಲೆ ಅಲ್ಲಾಡಿಸಿದರು.

"ಎಲ್ಲವ್ನೆ ಅಂತ ಕರೀಲಿ? ಇಲ್ಲಿ ನಾನಿದೀನಿ ಕಣೋ. ನನ್ನ ಹೆಸರು ಕೂಗಿದ್ರು, ನಾನು ಓ ಅಂದೆ. ಅವನು ಈ ಕಲ್ಲಿಗೆ ಬಂದೇ ಇಲ್ಲ."

"ಪೂಜಾರಿ ಹೇಳಿದಾನಲ್ಲ ಭಾವ."

"ಪೂಜಾರಿಗೇನು ಗೊತ್ತು? ಅವನದು ಅಂತ ಒಂದು ಹೆಸರಿತ್ತು, ಅದ್ನ ನಾನು ಹಾಕ್ಕೊಂಡು ಓಡಾಡ್ತಿದೀನಿ. ಈ ಚೀಟಿ ನೋಡು." ಅಂಗಿಯ ಮೇಲಿನ ಚೀಟಿಯನ್ನು ಕಿತ್ತು ನನ್ನ ಕೈಗಿಟ್ಟರು. ಅದರಲ್ಲಿ ಬಯ್ಯಪ್ಪ ಎಂದಿತ್ತು.

ಹಾಗಾದರೆ ನಾನೇ ಕರೆಯುತ್ತೇನೆ ಎಂದೆ. ಬೇಡ, ರಕ್ತ ಹಂಚಿಕೊಂಡವರೇ ಕರೆಯಬೇಕು ಎಂದರು. ಇಲ್ಲಿನ ಅಧಿಕಾರಿಗಳಿಗೆ ನಿಜ ಹೇಳಿ ಕಲ್ಲಿನಲ್ಲಿ ಹೆಸರು ಬದಲಾಯಿಸಲು ಅರ್ಜಿ ಬರೆಯೋಣವೇ ಎಂದೆ. ಅದಕ್ಕೆ ಭಾವ ಒಬ್ಬ ಗುಮಾಸ್ತನ ಹಾಗೆ ಸಮಾಧಾನವಾಗಿ ಉತ್ತರ ಕೊಟ್ಟರು. ನಿಜ ಹೇಳಿದರೆ ಕೆತ್ತಿದ ಹೆಸರನ್ನು ತೆಗೆಯುತ್ತಾರೆ, ಆದರೆ ಸುಳ್ಳು ಹೇಳಿ ಸೇರಿದವನ ಹೆಸರನ್ನು ಅಲ್ಲಿ ಹಾಕುವುದಿಲ್ಲ. ಆಗ ಅವನು ದೇಶಕ್ಕೆ ಸತ್ತವನೂ ಅಲ್ಲ, ಮೋಸಗಾರ. ಎಂಬತ್ತನಾಲ್ಕರ ತಾಯಿಯ ಮೇಲೆ ಕೇಸು. ಈ ಅರ್ಜಿಯನ್ನು ಅವರು ಎಷ್ಟು ವರ್ಷಗಳಿಂದ ಮನಸ್ಸಿನಲ್ಲೇ ಬರೆದು ಹರಿದಿದ್ದರೋ, ಒಂದೊಂದು ಸಾಲೂ ಬಾಯಿಪಾಠವಾಗಿತ್ತು. ಆ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಅವರನ್ನು ಗೇಟಿನ ಕಡೆ ಕರೆದುಕೊಂಡು ಹೊರಟೆ.

ಭಾವ ವಾಪಸ್ ಬಂದು ಗೌರಿಬಿದನೂರಿನಲ್ಲಿ ರೈಲಿಳಿದ ಮೇಲೆ, "ಅಮ್ಮನಿಗೆ ಏನ್ ಹೇಳ್ಲಿ ಮುರಳಿ?" ಎಂದರು.

"ಕರ್ದೆ ಅಂತ ಹೇಳಿ ಭಾವ. ಇನ್ನೇನ್ ಹೇಳ್ತೀರಾ?" ಎಂದೆ.

ಮಧ್ಯಾಹ್ನ ಮನೆ ಸೇರಿದಾಗ ಅಕ್ಕ ಅಜ್ಜಿಯ ತಲೆ ಬಾಚುತ್ತಿದ್ದಳು. ಮಗ ಬರುತ್ತಾನೆಂದು ಅಜ್ಜಿ ಬೆಳಗ್ಗೆಯೇ ಒಗೆದ ಸೀರೆ ಉಡಿಸಿಕೊಂಡಿದ್ದಳಂತೆ. ಭಾವ ಕೈಕಾಲು ತೊಳೆದು ಬಂದು ಮಂಚದ ಪಕ್ಕ ನೆಲದ ಮೇಲೆ ಕೂತರು.

"ಕರ್ದ್ಯಾ ನಾಯನಾ?"

"ಕರ್ದೆ ಕಣಮ್ಮ."

"ಮೂರು ಸಲಾನಾ?"

"ಮೂರು ಸಲ."

ನಾನು, ಸದ್ಯ ಮುಗಿಯಿತು ಎಂದು ಏಳಲು ಹೋದೆ. ಅಜ್ಜಿ ಮಗನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಓ ಅಂದ್ನಾ?"

ಇಲ್ಲವೆಂದರೆ ಅವಳು ಉಳಿಯುವುದಿಲ್ಲ. ಭಾವ ನೆಲ ನೋಡುತ್ತಾ, "ಅಂದ ಕಣಮ್ಮ," ಎಂದರು.

"ಅವನ ಗಂಟಲು ಹೆಂಗಿತ್ತು?"

"ನನ್ನ ಥರಾನೇ ಇತ್ತು."

ಅಜ್ಜಿಯ ಮುಖ ಒಂದು ಕ್ಷಣ ಅರಳಿತು. ಅಂಥ ಮುಖವನ್ನು ನಾನು ಆ ಮನೆಯಲ್ಲಿ ಎಂದೂ ನೋಡಿರಲಿಲ್ಲ. ಅವಳು ಬಾಗಿಲ ಕಡೆ ನೋಡಿದಳು, ನನ್ನನ್ನು ದಾಟಿ ನನ್ನ ಹಿಂದೆ ನೋಡಿದಳು, ಮತ್ತೆ ಮಗನನ್ನು ನೋಡಿದಳು.

"ಅಷ್ಟು ಚೆನ್ನಾಗಿ ಓ ಅಂದೋನ್ನ ಅಲ್ಲೇ ಯಾಕೆ ಬಿಟ್ಟು ಬಂದ್ಯೋ?" ಎಂದು ಕೇಳಿದಳು.

ಮಾರ್ಗಶಿರದಲ್ಲಿ ಅವಳು ಹೋಗುವವರೆಗೂ ದಿನಕ್ಕೆ ಒಂದು ಸಲವಾದರೂ ಭಾವನನ್ನು ಅದನ್ನೇ ಕೇಳಿದಳು.